ಮುಪ್ಪಿನ ಕೈಗೆ ಎಷ್ಟುದ್ದ ಕಾವು?

ನಮ್ಮೂರು ಕರೋಶಿಯಲ್ಲಿ ಗಾಲ್ಫ್ ಮೈದಾನವಿಲ್ಲ. ಕಬ್ಬು ಇದೆ, ಗೋವಿನಜೋಳ ಇದೆ, ಊರಾಚೆ ಮಡ್ಡಿ ಇದೆ. ಹೋದ ದೀಪಾವಳಿಗೆ ನಮ್ಮ ಕಾಕಾ ಬೆಂಗಳೂರಿನಿಂದ ಬಂದಿಳಿದಾಗ ಕಾರಿನ ಡಿಕ್ಕಿಯಿಂದ ಫರಾಳದ ಡಬ್ಬಿಗಳ ಜೊತೆ ಒಂದು ಉದ್ದನೆಯ ಗಾಲ್ಫ್ ಚೀಲವೂ ಹೊರಬಂತು. ಓಣಿಯ ಹುಡುಗರೆಲ್ಲ ನೆರೆದರು. ಕಾಕಾ ಸೈನ್ಯದಲ್ಲಿದ್ದವರು. ಈ ಆಟವನ್ನು ಕಲಿತದ್ದೂ ಅಲ್ಲೇ, ಕಂಟೋನ್ಮೆಂಟಿನ ಹುಲ್ಲಿನ ಮೇಲೆ. ಈಗ ಅವರಿಗೆ 71. ಮಗನ ಮನೆಯಲ್ಲಿದ್ದಾರೆ, ವಾರಕ್ಕೆ ಎರಡು ಸಲ ಆಡುತ್ತಾರೆ.

ಚೀಲದಿಂದ ಅವರು ಮೊದಲು ಎಳೆದದ್ದು ಡ್ರೈವರ್. ಮೊದಲ ಹೊಡೆತಕ್ಕೆ, ಚೆಂಡನ್ನು ಎಷ್ಟು ಸಾಧ್ಯವೋ ಅಷ್ಟು ದೂರ ಅಟ್ಟುವುದಕ್ಕೆ ಬಳಸುವ ದೊಡ್ಡ ತಲೆಯ ಕೋಲು ಅದು. ಚೀಲದಲ್ಲಿರುವ ಎಲ್ಲ ಕೋಲುಗಳಿಗಿಂತ ಉದ್ದ. ಹೊಸದು. ವಯಸ್ಸಾದವರಿಗೆಂದೇ ಮಾಡಿದ್ದು, ಹಗುರ, ಉದ್ದ, ಕಳೆದುಕೊಂಡ ದೂರವನ್ನು ಇದು ಮರಳಿ ತಂದುಕೊಡುತ್ತದೆ ಎಂದು ಅಂಗಡಿಯವರು ಹೇಳಿ ಕೊಟ್ಟಿದ್ದರಂತೆ. ಟೇಪು ಹಿಡಿದು ಅಳೆದೆವು. 46 ಇಂಚು. ಆರು ತಿಂಗಳು ಆಡಿದ್ದಾರೆ. ದೂರ ಮರಳಿ ಬಂದಿರಲಿಲ್ಲ, ಎಡ ಹೆಗಲಿಗೆ ನೋವು ಮಾತ್ರ ಬಂದಿತ್ತು.

ಕಟ್ಟೆಯ ಮೇಲೆ ಅವರ ಬಾಲ್ಯದ ಗೆಳೆಯ, ನಮ್ಮೂರ ಬಡಿಗೇರ, ಕೂತಿದ್ದ. ಕೊಡಲಿಗೆ, ಸಲಿಕೆಗೆ, ಗುದ್ದಲಿಗೆ ಜಾಲಿಯ ಕಾವು ಕೆತ್ತಿ ಬೆಣೆ ಬಡಿದು ಕೂರಿಸುವುದರಲ್ಲೇ ಅವನ ಆಯುಷ್ಯ ಕಳೆದಿದೆ. ಗಾಲ್ಫನ್ನು ಅವನು ಟಿವಿಯಲ್ಲಿಯೂ ನೋಡಿದವನಲ್ಲ. ಕೋಲನ್ನು ಕೈಗೆ ತೆಗೆದುಕೊಂಡ, ತೂಗಿದ, ಒಂದು ಸಲ ಗಾಳಿಯಲ್ಲಿ ಬೀಸಿದ. ಆಮೇಲೆ ಕಾಕಾನನ್ನು ಎದ್ದು ನಿಲ್ಲಲು ಹೇಳಿ, ಅವರ ಮಣಿಕಟ್ಟಿನಿಂದ ನೆಲದವರೆಗೆ ಕಣ್ಣಲ್ಲೇ ಅಳೆದ.

“ದೋಸ್ತಾ, ಕಾವು ನಿನಗ ಉದ್ದ ಆಗೈತಿ. ಇಪ್ಪತ್ತೈದರ ಹುಡುಗಗ ಆದ್ರ ನಡೀತಿತ್ತು. ತಾ, ನಾಕು ಬೆಟ್ಟು ಕೊಯ್ದ ಕೊಡ್ತೀನಿ.”

ಕಾಕಾ ನಕ್ಕು ಕೋಲನ್ನು ಕಸಿದುಕೊಂಡರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಈ ಲೇಖನಕ್ಕೆ ಅದೇ ಮೂಲ.

ನಮ್ಮ ಕಡೆ ಕಾವಿನ ಅಳತೆ ಯಾವತ್ತೂ ಆಳಿನ ಅಳತೆ. ಅಪ್ಪನ ಸಲಿಕೆ ಮಗನಿಗೆ ಒಗ್ಗುವುದಿಲ್ಲ. ಅಜ್ಜ ಮುದುಕನಾದಂತೆ ಅವನ ಕೊಡಲಿಯ ಕಾವು ಗಿಡ್ಡವಾಗುತ್ತ ಬರುತ್ತದೆ. ಉದ್ದ ಕಾವಿನ ಕೊಡಲಿಗೆ ರಭಸ ಹೆಚ್ಚು, ನಿಜ. ಆದರೆ ಮುಪ್ಪಿನ ಕೈಯಲ್ಲಿ ಅದು ಗುರುತಿಟ್ಟ ಕಡೆ ಬೀಳುವುದಿಲ್ಲ, ಕಟ್ಟಿಗೆ ಸೀಳುವ ಬದಲು ಜಾರಿ ಕಾಲಿನ ಕಡೆ ಬರುತ್ತದೆ. ಊರುಗೋಲಿನ ಲೆಕ್ಕವೂ ಇಂಥದ್ದೇ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕೆಂದು ಫಿಸಿಯೋಥೆರಪಿಯವರು ಹೇಳುತ್ತಾರೆ. ಗಾಲ್ಫ್ ಕೋಲನ್ನು ಆಟಗಾರನಿಗೆ ಹೊಂದಿಸಿಕೊಡುವವರು ಮೊದಲು ಹಿಡಿಯುವ ಅಳತೆಯೂ ಮಣಿಕಟ್ಟಿನಿಂದ ನೆಲಕ್ಕೆ. ಬಡಿಗೇರ ಕಣ್ಣಲ್ಲೇ ಅಳೆದದ್ದು ಇದನ್ನೇ.

ಹಾಗಿದ್ದರೆ 46 ಇಂಚು ಎಲ್ಲಿಂದ ಬಂತು? ಮನುಷ್ಯ ಉದ್ದವಾಗಿ ಬೆಳೆದದ್ದರಿಂದಲ್ಲ, ಕಾವು ಹಗುರವಾದದ್ದರಿಂದ. ಒಂದು ಕಾಲಕ್ಕೆ ಗಾಲ್ಫ್ ಕೋಲಿನ ಕಾವು ಹಿಕರಿ ಮರದ್ದು. ಉಕ್ಕಿನ ಕೊಳವೆಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನಲ್ಲಿರುವ ಗಾಲ್ಫ್ ನಿಯಮಗಳ ಸಂಸ್ಥೆ ಆರ್ ಅಂಡ್ ಎ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. 1970ರ ದಶಕದಲ್ಲಿ ಗ್ರಾಫೈಟ್ ಬಂತು. ಡ್ರೈವರಿನ ಉಕ್ಕಿನ ಕಾವು 110-120 ಗ್ರಾಂ ತೂಗುತ್ತಿದ್ದರೆ, ಇಂದು ಹಿರಿಯರಿಗೆಂದು ಮಾರುವ ಗ್ರಾಫೈಟ್ ಕಾವು 50 ಗ್ರಾಮಿನ ಆಸುಪಾಸು. ತೂಕ ಇಳಿದ ಹಾಗೆ ತಯಾರಕರು ಉದ್ದ ಏರಿಸಿದರು. ಉಕ್ಕಿನ ಕಾಲದಲ್ಲಿ 43 ಇಂಚು ಇದ್ದ ಡ್ರೈವರ್ ಈಗ ಅಂಗಡಿಯ ಕಪಾಟಿನಲ್ಲಿ 45 ದಾಟಿ, 46ಕ್ಕೆ ಹತ್ತಿರವಾಗಿ ನಿಂತಿದೆ. ಟಿವಿಯಲ್ಲಿ ಕಾಣುವ ವೃತ್ತಿಪರರಲ್ಲಿ ಬಹುಪಾಲು ಜನ ಇದಕ್ಕಿಂತ ಗಿಡ್ಡದನ್ನೇ ಹಿಡಿಯುತ್ತಾರೆ. ದಿನವಿಡೀ ಅಭ್ಯಾಸ ಮಾಡುವ ಮೂವತ್ತರ ಹುಡುಗ 45 ಇಂಚಿನ ಆಸುಪಾಸಿನ ಕೋಲು ಹಿಡಿಯುವಾಗ, ವಾರಕ್ಕೆರಡು ಸಲ ಆಡುವ ಎಪ್ಪತ್ತರ ಹಿರಿಯನ ಕೈಗೆ 46 ಇಂಚಿನದು ಕೊಡುವುದು ಯಾವ ನ್ಯಾಯ?

ಅಂಗಡಿಯವರ ಲೆಕ್ಕವನ್ನು ಪೂರ್ತಿ ಸುಳ್ಳೆನ್ನಲಾಗದು. ಚಿಣಿಫಣಿ ಆಡಿದವರಿಗೆಲ್ಲ ಗೊತ್ತು, ದಾಂಡು ಉದ್ದವಾದರೆ ತುದಿ ಜೋರಾಗಿ ತಿರುಗುತ್ತದೆ. ಎಷ್ಟು ಜೋರು ಎಂಬುದನ್ನು ಮಾತ್ರ ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ಹಾಕೋಣ. ಹೆಗಲಿನಿಂದ ಕೈವರೆಗೆ ಸುಮಾರು 25 ಇಂಚು, ಕೋಲು 45 ಇಂಚು, ಒಟ್ಟು 70. ಇದಕ್ಕೆ ಒಂದು ಇಂಚು ಸೇರಿಸಿದರೆ ನೂರಕ್ಕೆ ಒಂದೂವರೆಯಷ್ಟೂ ಹೆಚ್ಚಾಗಲಿಲ್ಲ. ವೃತ್ತಿಪರ ಗಂಡಸರು ಡ್ರೈವರಿನ ತಲೆಯನ್ನು ಗಂಟೆಗೆ 110 ಮೈಲಿಗೂ ಮೀರಿದ ವೇಗದಲ್ಲಿ ಬೀಸುತ್ತಾರೆ. ಎಪ್ಪತ್ತು ದಾಟಿದ ಹವ್ಯಾಸಿಯೊಬ್ಬರದು 80 ಮೈಲಿ ಎಂದಿಟ್ಟುಕೊಳ್ಳಿ. ಒಂದು ಇಂಚಿನಿಂದ ಅವರಿಗೆ ಸಿಗುವ ಹೆಚ್ಚುವರಿ ವೇಗ ಸುಮಾರು ಒಂದು ಮೈಲಿ. ಚೆಂಡಿನ ದೂರಕ್ಕೆ ತಿರುಗಿಸಿದರೆ ಮೂರು ಗಜದ ಒಳಗೆ. ಅದೂ ಕೋಲು ಮೊದಲಿನಷ್ಟೇ ಚುರುಕಾಗಿ ತಿರುಗಿದರೆ ಮಾತ್ರ.

ತಿರುಗುವುದಿಲ್ಲ. ಉದ್ದದ ಕೊನೆಯಲ್ಲಿ ಕೂತ ತಲೆಯನ್ನು ತಿರುಗಿಸಲು ಎದುರಾಗುವ ಜಡತ್ವ ಉದ್ದದ ವರ್ಗದಂತೆ ಏರುತ್ತದೆ. ತಲೆಯ ತೂಕ ಅಷ್ಟೇ ಇಟ್ಟು 45 ಇಂಚನ್ನು 46 ಮಾಡಿದರೆ ಉದ್ದ ಹೆಚ್ಚಿದ್ದು ನೂರಕ್ಕೆ ಎರಡರಷ್ಟು, ಕೈಗೆ ತಾಗುವ ಭಾರ ಹೆಚ್ಚಿದ್ದು ನೂರಕ್ಕೆ ನಾಲ್ಕೂವರೆಯಷ್ಟು. ಕಾವು ಹಗುರ ಮಾಡಿ, ತಲೆ ಹಗುರ ಮಾಡಿ ಇದನ್ನು ಸ್ವಲ್ಪ ತಗ್ಗಿಸುತ್ತಾರೆ. ಆದರೂ ಸೊಂಟ ತಿರುಗದ, ಹೆಗಲು ಪೂರ್ತಿ ಹಿಂದಕ್ಕೆ ಹೋಗದ ವಯಸ್ಸಿನಲ್ಲಿ ಆ ಒಂದು ಇಂಚು ಮೈಗೆ ಸಾಲವಾಗುತ್ತದೆ. ಬಲ ಸಾಲದೆ ಕೈ ಮುಂಚೆ ಬಿಚ್ಚಿಕೊಳ್ಳುತ್ತದೆ, ಕೋಲಿನ ಮುಖ ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ ಬಾಗಿ ಪೊದೆಗೆ ಹೋಗುತ್ತದೆ.

ಇನ್ನೊಂದು ಬದಿಯ ಲೆಕ್ಕ ಇದಕ್ಕಿಂತ ದೊಡ್ಡದು. ಚೆಂಡು ಮುಖದ ನಟ್ಟನಡುವೆ ತಾಗಿದರೆ, ಕೋಲಿನ ತಲೆಯ ವೇಗದ ಹೆಚ್ಚುಕಡಿಮೆ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. 80 ಮೈಲಿಯ ಬೀಸಿಗೆ 118 ಮೈಲಿ ಎನ್ನೋಣ. ನಡುವಿನಿಂದ ಆಚೀಚೆ ತಾಗಿ ಆ ಪಟ್ಟು 1.4ಕ್ಕೆ ಇಳಿದರೆ ಚೆಂಡಿನ ವೇಗ 112. ಆರು ಮೈಲಿ ಹೋಯಿತು. ಹತ್ತು ಗಜ ಅದರೊಟ್ಟಿಗೇ ಹೋಯಿತು. ಮೂರು ಗಜದ ಆಸೆಗೆ ಹತ್ತು ಗಜ ಕಳೆದುಕೊಳ್ಳುವ ವ್ಯವಹಾರ ಇದು. ಕಬ್ಬಿನ ತೂಕಕ್ಕೆ ಹೋಗಿ ಬಂದ ನಮ್ಮೂರ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉದ್ದ ಕೋಲಿನಿಂದ ಗೆದ್ದವರಿಲ್ಲವೇ ಎಂದು ಕಾಕಾ ಕೇಳಿದರು. ಇದ್ದಾರೆ, ಅದೂ ವಯಸ್ಸಾದವರೇ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಿಯಾವಾ ದ್ವೀಪದಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದಾಗ ಫಿಲ್ ಮಿಕೆಲ್ಸನ್‌ಗೆ 50 ವರ್ಷ 11 ತಿಂಗಳು. ಪ್ರಮುಖ ಪಂದ್ಯಾವಳಿಗಳಲ್ಲಿ ಅಷ್ಟು ವಯಸ್ಸಿನಲ್ಲಿ ಗೆದ್ದವರು ಮೊದಲು ಯಾರೂ ಇರಲಿಲ್ಲ. ಅವರ ಡ್ರೈವರ್ 47.9 ಇಂಚು, ನಿಯಮದ ಮೇಲ್ಮಿತಿಯಾದ 48ಕ್ಕೆ ಕೂದಲೆಳೆಯಷ್ಟು ಕಡಿಮೆ. ಮರುವರ್ಷ, 2022ರ ಜನವರಿ 1ರಿಂದ, ಉನ್ನತ ಮಟ್ಟದ ಸ್ಪರ್ಧೆಗಳಿಗೆ 46 ಇಂಚಿನ ಮಿತಿ ಹಾಕಿಕೊಳ್ಳಲು ಸಂಘಟಕರಿಗೆ ಅವಕಾಶ ಬಂತು. ಹವ್ಯಾಸಿಗಳಿಗೆ 48ರ ಮಿತಿ ಹಾಗೇ ಉಳಿದಿದೆ. ಆದರೆ ಮಿಕೆಲ್ಸನ್ ನಿಧಾನಗೈ ಅಲ್ಲ. ಐವತ್ತರಲ್ಲೂ ಅವರ ಬೀಸು ಯುವಕರದಕ್ಕೆ ಸಮನಾಗಿತ್ತು. ಬಲ ಮಿಕ್ಕಿದ್ದವರಿಗೆ ಉದ್ದ ಲಾಭ ಕೊಡುತ್ತದೆ. ಬಲ ಕಡಿಮೆಯಾದವರಿಗೆ ಅದೇ ಉದ್ದವನ್ನು ಮದ್ದೆಂದು ಮಾರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ನಾನು ಕಾಕಾನಿಗೆ ಹೇಳಿದ್ದು ಇನ್ನೊಬ್ಬರ ಕಥೆ. 2020ರ ನವೆಂಬರಿನಲ್ಲಿ ಮಾಸ್ಟರ್ಸ್ ಪಂದ್ಯಾವಳಿ ನಡೆದಾಗ ಬ್ರೈಸನ್ ಡಿಶಾಂಬೋ ಎಂಬ ಆಜಾನುಬಾಹು ಆಟಗಾರ 48 ಇಂಚಿನ ಡ್ರೈವರ್ ಹಿಡಿದು ಬರುತ್ತಾನಂತೆ ಎಂದು ದೊಡ್ಡ ಸುದ್ದಿಯಾಗಿತ್ತು. ಪರೀಕ್ಷಿಸಿ ನೋಡಿದ್ದ, ಕೊನೆಗೆ ತರಲಿಲ್ಲ. ಕೊನೆಯ ದಿನ ಅವನ ಜೊತೆಯಾಟಗಾರ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್, ಆಗ 63 ವರ್ಷ. ರಂಧ್ರದಿಂದ ರಂಧ್ರಕ್ಕೆ ಡಿಶಾಂಬೋನ ಚೆಂಡು ಲ್ಯಾಂಗರ್ ಚೆಂಡಿಗಿಂತ ಬಹಳ ಮುಂದೆ ಬೀಳುತ್ತಿತ್ತು. ನಾಲ್ಕು ದಿನದ ಲೆಕ್ಕ ಮುಗಿದಾಗ ಲ್ಯಾಂಗರ್ ಅವನಿಗಿಂತ ಒಂದು ಹೊಡೆತ ಮುಂದಿದ್ದರು.

ದೂರವಿಲ್ಲದೆಯೂ ಆಡಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ, 2021ರ ಆಗಸ್ಟಿನ ಆ ನಾಲ್ಕು ದಿನ ಗಾಲ್ಫ್ ಎಂದರೇನೆಂದು ತಿಳಿಯದವರೂ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತರು. ಚೀಲ ಹೊರುವ ಕ್ಯಾಡಿ ಅವರ ತಾಯಿಯೇ. ಕಣದಲ್ಲಿದ್ದವರಲ್ಲಿ ಡ್ರೈವರಿನಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿ ಅದಿತಿ ಇದ್ದರು. ಎದುರಾಳಿಗಳು ಗಿಡ್ಡ ಕೋಲಿನಿಂದ ರಂಧ್ರವಿರುವ ಹಸಿರಿಗೆ ಹೊಡೆಯುವ ಕಡೆ ಇವರು ದೂರದಿಂದ ಉದ್ದ ಕೋಲು ಹಿಡಿಯಬೇಕಿತ್ತು. ಆದರೂ 72 ರಂಧ್ರಗಳನ್ನು 269 ಹೊಡೆತಗಳಲ್ಲಿ, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, ಪಾರ್‌ಗಿಂತ, 15 ಕಡಿಮೆಯಲ್ಲಿ ಮುಗಿಸಿದರು. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅದಿತಿ ಮುದುಕಿಯಲ್ಲ, ಆಗ 23ರ ಹುಡುಗಿ. ಆದರೆ ದೂರ ಇಲ್ಲದವರು ಆಟವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದಕ್ಕೆ ಎಪ್ಪತ್ತರ ಹಿರಿಯರು ನೋಡಬೇಕಾದದ್ದು ಅವರನ್ನು, ಮಿಕೆಲ್ಸನ್‌ನನ್ನಲ್ಲ.

ಮಾತಿನಿಂದ ಕಾಕಾ ಒಪ್ಪುವವರಲ್ಲ. ಪಾಡ್ಯದ ಮರುದಿನ ಮುಂಜಾನೆ ಮಡ್ಡಿಗೆ ಹೋದೆವು. ಶಾಲೆಯ ಹುಡುಗನಿಂದ ಒಂದು ತುಂಡು ಖಡು ಇಸಿದುಕೊಂಡಿದ್ದೆ. ಡ್ರೈವರಿನ ಮುಖಕ್ಕೆ ಖಡು ಬಳಿದರೆ ಚೆಂಡು ತಾಗಿದ ಕಡೆ ದುಂಡಗೆ ಗುರುತು ಮೂಡುತ್ತದೆ, ಪ್ರತಿ ಹೊಡೆತಕ್ಕೂ ಒರೆಸಿ ಮತ್ತೆ ಬಳಿಯಬೇಕು. ಮೊದಲು ಇಪ್ಪತ್ತು ಚೆಂಡು, ಕೋಲಿನ ತುದಿಯಲ್ಲಿ ಹಿಡಿದು, ಪೂರ್ತಿ 46 ಇಂಚು. ನಡುವೆ ತಾಗಿದ್ದು ಆರು. ಉಳಿದವು ಮುಖದ ಹಿಮ್ಮಡಿಗೆ, ಅಂದರೆ ಕಾವಿನ ಕಡೆಗೆ, ಇಲ್ಲವೇ ಎದುರು ತುದಿಯ ಕಡೆಗೆ ಚದುರಿದ್ದವು, ಎರಡು ಮುಖದ ಕೆಳ ಅಂಚಿಗೆ. ಆಮೇಲೆ ಹಿಡಿಯ ಮೇಲೆ ಒಂದೂವರೆ ಇಂಚು ಕೆಳಗೆ ಟೇಪು ಸುತ್ತಿ, ಅದಕ್ಕಿಂತ ಮೇಲೆ ಕೈ ಹೋಗಬಾರದೆಂದು ಕರಾರು ಹಾಕಿ ಮತ್ತೆ ಇಪ್ಪತ್ತು. ಹನ್ನೆರಡು ನಡುವೆ. ಚೆಂಡು ಹೆಕ್ಕಲು ಓಡುತ್ತಿದ್ದ ಹುಡುಗರು ಮೊದಲ ಸರದಿಯಲ್ಲಿ ಇಡೀ ಮಡ್ಡಿ ಸುತ್ತಿದ್ದರು, ಎರಡನೆಯದರಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದರು. ಒಬ್ಬರ ಒಂದು ಮುಂಜಾನೆಯ ಆಟದಿಂದ ಲೋಕಕ್ಕೆ ನಿಯಮ ಹೇಳಲು ಬರುವುದಿಲ್ಲ. ಕಾಕಾನಿಗೆ ಅಷ್ಟು ಸಾಕಾಯಿತು.

ಬಡಿಗೇರನ ಮಾತು ನಿಜವಾಯಿತು, ಆದರೆ ಅವನ ಗರಗಸಕ್ಕೆ ಕೋಲು ಕೊಡದಿದ್ದದ್ದೂ ಒಳ್ಳೆಯದೇ ಆಯಿತು. ಕೊಡಲಿಯ ತಲೆ ಭಾರದ ಕಬ್ಬಿಣ, ಕಾವು ನಾಲ್ಕು ಬೆರಳು ಗಿಡ್ಡವಾದರೂ ತಲೆಯ ಭಾರ ಕೈಗೆ ತಿಳಿಯುತ್ತಲೇ ಇರುತ್ತದೆ. ಡ್ರೈವರಿನ ತಲೆ ಒಟ್ಟು 200 ಗ್ರಾಮಿನ ಹತ್ತಿರ. ಕಾವು ಕತ್ತರಿಸಿದ ಕೂಡಲೇ ತಲೆ ಎಲ್ಲಿದೆಯೆಂಬ ಅರಿವೇ ಕೈಗೆ ಮಾಯವಾಗುತ್ತದೆ, ಬೀಸಿನ ಲಯ ಕೆಡುತ್ತದೆ. ಈ ತೂಗುವಿಕೆಯನ್ನು ಗಾಲ್ಫ್‌ನವರು ಸ್ವಿಂಗ್‌ವೇಟ್ ಎನ್ನುತ್ತಾರೆ. ಅರ್ಧ ಇಂಚು ಕತ್ತರಿಸಿದರೆ ಅದು ಸುಮಾರು ಮೂರು ಅಂಕ ಇಳಿಯುತ್ತದೆ. ಒಂದೊಂದು ಅಂಕ ತುಂಬಿಕೊಳ್ಳಲು ತಲೆಗೆ ಹೆಚ್ಚುಕಡಿಮೆ ಎರಡು ಗ್ರಾಂ ಸೇರಿಸಬೇಕು. ಸೀಸದ ಅಂಟುಪಟ್ಟಿ ಹಚ್ಚಬಹುದು, ಅಡಿಯಲ್ಲಿ ತಿರುಪಿನ ತೂಕವಿದ್ದರೆ ಭಾರದ್ದನ್ನು ಹಾಕಬಹುದು. ಕಳೆದದ್ದಷ್ಟನ್ನೂ ತುಂಬಲೇಬೇಕೆಂದೇನಿಲ್ಲ. ಗ್ರಾಂ ಗ್ರಾಂ ಸೇರಿಸುತ್ತ, ಆಡಿ ನೋಡುತ್ತ, ಕೈಗೆ ತಲೆ ತಿಳಿಯುವ ಕಡೆ ನಿಲ್ಲಿಸಬೇಕು.

ಕತ್ತರಿಸುವ ತುದಿ ಯಾವುದು ಎಂಬುದೂ ಮುಖ್ಯ. ಹಿಡಿಯ ಕಡೆಯಿಂದಲೇ ಕತ್ತರಿಸಬೇಕು. ತಲೆಯ ಕಡೆಯಿಂದ ತೆಗೆದರೆ ಕಾವು ಬಹಳ ಬಿರುಸಾಗುತ್ತದೆ, ನಿಧಾನಗೈಗೆ ಬಿರುಸು ಕಾವು ಬಗ್ಗುವುದೇ ಇಲ್ಲ. ಹಿಡಿಯ ಕಡೆ ಕತ್ತರಿಸಿದರೂ ಸ್ವಲ್ಪ ಬಿರುಸು ಏರುತ್ತದೆಯಾದ್ದರಿಂದ ಮೊದಲೇ ಮೆತ್ತನೆಯ ಕಾವು ಇರುವುದು ಒಳ್ಳೆಯದು. ಬೆರಳಿನ ಸಂದುಗಳಲ್ಲಿ ನೋವಿರುವವರು ಹೊಸ ಹಿಡಿ ಹಾಕಿಸುವಾಗ ತುಸು ದಪ್ಪನೆಯದು ಹಾಕಿಸಲಿ, ಬಿಗಿಯಾಗಿ ಹಿಸುಕುವ ಶ್ರಮ ತಪ್ಪುತ್ತದೆ. ಕೋಲು ಗಿಡ್ಡವಾದರೆ ಚೆಂಡಿಗೆ ಇನ್ನಷ್ಟು ಹತ್ತಿರ ನಿಲ್ಲಬೇಕಾಗುತ್ತದೆ, ಅದು ವಾರದೊಳಗೆ ರೂಢಿಯಾಗುತ್ತದೆ.

ಉದ್ದಕ್ಕಿಂತ ಹೆಚ್ಚು ದೂರ ಕೊಡುವ ಸಂಗತಿ ಮುಖದ ಓರೆ. ಅದನ್ನು ಲಾಫ್ಟ್ ಎನ್ನುತ್ತಾರೆ. ವೇಗ ಕಡಿಮೆಯಾದ ಕೈಯಿಂದ ಚೆಂಡು ಮೇಲೇಳಬೇಕಾದರೆ ಓರೆ ಹೆಚ್ಚಿರಬೇಕು. ಗಂಡಸರು ಮಾತ್ರ 9 ಡಿಗ್ರಿ, 10 ಡಿಗ್ರಿಯನ್ನು ಮರ್ಯಾದೆಯ ಗುರುತಿನಂತೆ ಹಿಡಿದು ಕೂರುತ್ತಾರೆ. 80 ಮೈಲಿಯ ಬೀಸಿಗೆ ಅಷ್ಟು ಚಪ್ಪಟೆ ಮುಖ ಕೊಟ್ಟರೆ ಚೆಂಡು ಹಾರುವ ಮುಂಚೆಯೇ ಇಳಿಯುತ್ತದೆ. 12 ಡಿಗ್ರಿ, ಅಗತ್ಯವಾದರೆ ಇನ್ನೂ ಹೆಚ್ಚು. ಈಗಿನ ಹಲವು ಡ್ರೈವರ್‌ಗಳ ಕೊರಳಲ್ಲಿ ಓರೆ ಬದಲಿಸುವ ತಿರುಪು ಇದ್ದೇ ಇರುತ್ತದೆ. ಕಾಕಾನ ಕೋಲಿನಲ್ಲೂ ಇತ್ತು. ಆರು ತಿಂಗಳಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಇದೆಲ್ಲ ಆದಮೇಲೂ ಯೌವನದ ದೂರ ಮರಳುವುದಿಲ್ಲ, ಅದನ್ನು ಹೇಳಿಬಿಡಬೇಕು. ಅದಕ್ಕೇ ಮೈದಾನವನ್ನೇ ಗಿಡ್ಡ ಮಾಡಿಕೊಳ್ಳುವ ದಾರಿಯೂ ಇದೆ. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳು ಮುಂದಿನ ಟೀಯಿಂದ, ಅಂದರೆ ರಂಧ್ರಕ್ಕೆ ಇನ್ನಷ್ಟು ಹತ್ತಿರವಿರುವ ಮೊದಲ ಹೊಡೆತದ ಜಾಗದಿಂದ, ಆಡಿ ಎಂದು ಒಂದು ಅಭಿಯಾನವನ್ನೇ ನಡೆಸಿದವು. ಡ್ರೈವರಿನಿಂದ 200 ಗಜ ಹೊಡೆಯುವವರು 5,200ರಿಂದ 5,400 ಗಜದ ಮೈದಾನದಲ್ಲಿ ಆಡಲಿ ಎಂಬುದು ಅದರ ಸಲಹೆ. ನಮ್ಮಲ್ಲಿ ಹಿರಿಯರು ಇದಕ್ಕೆ ಹಿಂಜರಿಯುತ್ತಾರೆ, ಹೆಂಗಸರ ಟೀ ಎಂದು ನಗುವವರು ಇನ್ನೂ ಇದ್ದಾರೆ. ನಗುವವರ ಮಾತಿಗಾಗಿ ಹೆಗಲು ಕಳೆದುಕೊಳ್ಳಬೇಕಾಗಿಲ್ಲ.

ಕಾಕಾ ಬೆಂಗಳೂರಿಗೆ ಮರಳಿ ಒಂದು ತಿಂಗಳು ಟೇಪಿನ ಕೆಳಗೇ ಹಿಡಿದು ಆಡಿದರು. ಹಿಡಿ ಕೆಳಗೆ ಹಿಡಿಯುವುದೂ ಕಾವು ಕತ್ತರಿಸುವುದೂ ಒಂದೇ ಅಲ್ಲ, ಕೈಯ ಮೇಲೆ ಉಳಿದ ಕಾವು ತೂಕವನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಆದರೂ ಕತ್ತರಿಸಿದ ಕಾವು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಮೊದಲು ಹೀಗೆ ನೋಡುವುದೇ ಸರಿ. ಆಮೇಲೆ ಕೋಲು ರಿಪೇರಿ ಮಾಡುವವರ ಹತ್ತಿರ ಒಂದೂವರೆ ಇಂಚು ತೆಗೆಸಿ, ಅಡಿಗೆ ಹತ್ತು ಗ್ರಾಂ ಹಾಕಿಸಿ, ಓರೆಯನ್ನು 12ಕ್ಕೆ ತಿರುಗಿಸಿಕೊಂಡರು. ಈಗ ಅದು 44.5 ಇಂಚು. ಸಂಕ್ರಾಂತಿಗೆ ಫೋನು ಮಾಡಿದಾಗ ಅವರು ಮೊದಲು ಹೇಳಿದ್ದು ದೂರದ ಸುದ್ದಿಯಲ್ಲ. “ಹದಿನೆಂಟು ತೂತು ಮುಗಿಸಿದೆ, ಚೆಂಡು ಒಂದೂ ಕಳೀಲಿಲ್ಲೋ,” ಎಂದರು. ಹೆಗಲಿನ ಬಗ್ಗೆ ನಾನೇ ಕೇಳಬೇಕಾಯಿತು. ನೋವು ಇಳಿದಿದೆ.

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಗಾಲ್ಫ್ ಆಟಗಾರರಿದ್ದರೆ ಈ ಭಾನುವಾರ ಅವರ ಡ್ರೈವರನ್ನು ಟೇಪಿನಿಂದ ಅಳೆಯಿರಿ, ಮುಖಕ್ಕೆ ಖಡು ಬಳಿದು ಇಪ್ಪತ್ತು ಚೆಂಡು ಹೊಡೆಸಿರಿ, ಗುರುತುಗಳನ್ನು ನೋಡಿದ ಮೇಲೆಯೇ ಹೊಸದಕ್ಕೆ ದುಡ್ಡು ಕೊಡಿ. ಗಾಲ್ಫ್ ಇಲ್ಲದ ಮನೆಯವರು ಹಿತ್ತಲಿಗೆ ಹೋಗಿ ಅಪ್ಪನ ಕೊಡಲಿ, ಅವ್ವನ ಸಲಿಕೆ ತೆಗೆದು ನೋಡಿ. ಕಾವು ಅವರ ಇಂದಿನ ಕೈಗೆ ಉದ್ದವಾಗಿದ್ದರೆ ನಿಮ್ಮೂರ ಬಡಿಗೇರನಿಗೆ ಅರ್ಧ ತಾಸಿನ ಕೆಲಸ.